ಕಾನ್ಫರೆನ್ಸ್‌ಗೆ ಹೋಗುವ ಖರ್ಚು ಯಾರು ಕೊಡಬೇಕು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯುವ ವೈದ್ಯರು, ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ವೈದ್ಯಕೀಯ ಸಂಶೋಧನೆಯ ಕಾನ್ಫರೆನ್ಸ್‌ಗಳಿಗೆ ಹೋಗುತ್ತಾರೆ. ಅದರ ಖರ್ಚನ್ನು ಸಾರ್ವಜನಿಕ ದುಡ್ಡಿನಿಂದ ಕೊಡಬೇಕೇ? ಇಬ್ಬರು ಬರೆದಿದ್ದಾರೆ.

ಪರ: ಕೊಡಬೇಕು, ಅದೂ ಮುಂಗಡವಾಗಿ

*ಕಲಬುರಗಿಯ ಮೆಡಿಕಲ್ ಕಾಲೇಜೊಂದರ ಉಪನ್ಯಾಸಕಿ*

ಕೊಡಲೇಬೇಕು. ಹೋಗುವ ಮೊದಲೇ ಕೈಗೆ ಕೊಡಬೇಕು. "ಹೋಗಿ ಬಾ, ಬಿಲ್ ತಗೊಂಡು ಬಾ, ಆಮೇಲೆ ನೋಡೋಣ" ಅನ್ನೋದು ಕೊಟ್ಟ ಹಾಗೆ ಅಲ್ಲ. ಅದು ಮೊದಲೇ ದುಡ್ಡಿದ್ದವರಿಗೆ ಮಾತ್ರ ಮಾಡಿದ ಸಹಾಯ.

ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. 2014ರಲ್ಲಿ ನಾನು ಪಿಜಿ (ಎಂಬಿಬಿಎಸ್ ಮುಗಿದ ಮೇಲಿನ ಸ್ನಾತಕೋತ್ತರ ಓದು) ಎರಡನೇ ವರ್ಷದಲ್ಲಿದ್ದೆ. ತೊಗರಿ ಕಟಾವಿಗೆ ಹೋಗುವ ಕೂಲಿಯವರಿಗೆ ಹಾವು ಕಚ್ಚಿದರೆ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟುತ್ತಾರೆ, ದಾರಿಯಲ್ಲಿ ಏನೇನು ಮಾಡುತ್ತಾರೆ ಅಂತ ಒಂದು ಸಣ್ಣ ಅಧ್ಯಯನ ಮಾಡಿದ್ದೆ. ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಲ್ಲಿ ತಿರುಗಿ ಬರೆದುಕೊಂಡದ್ದು. ಬೆಂಗಳೂರಿನ ಒಂದು ಕಾನ್ಫರೆನ್ಸ್‌ನಲ್ಲಿ ಪೋಸ್ಟರ್‌ಗೆ, ಅಂದರೆ ಅಧ್ಯಯನವನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಅಲ್ಲಿ ತೋರಿಸುವುದಕ್ಕೆ, ಒಪ್ಪಿಗೆ ಸಿಕ್ಕಿತು. ಆ ದಿನ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಮರುದಿನ ಲೆಕ್ಕ ಹಾಕಿದೆ. ನೋಂದಣಿಗೆ 5,500. ರೈಲು, ಎರಡು ರಾತ್ರಿ ರೂಮು, ಊಟ, ಆಟೋ, ಪೋಸ್ಟರ್ ಎಲ್ಲಾ ಸೇರಿ ಹನ್ನೊಂದು ಸಾವಿರದ ಹತ್ತಿರ. ನಾಲ್ಕು ತಿಂಗಳಿಂದ ಸ್ಟೈಪೆಂಡ್ ಬಂದಿರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಮೊದಲು ಖರ್ಚು ಮಾಡಿ, ಆಮೇಲೆ ಕ್ಲೇಮ್ ಹಾಕಿ ಅಂದರು.

ಮನೆಯಲ್ಲಿ ಹೇಳಬಾರದು ಅಂತಲೇ ಇದ್ದೆ. ಫೋನಿನಲ್ಲಿ ದನಿ ಕೇಳಿಯೇ ಅವ್ವನಿಗೆ ಗೊತ್ತಾಯಿತು. "ಎಷ್ಟ್ ಬೇಕಾಗ್ತದ?" ಅಂತ ಇಷ್ಟೇ ಕೇಳಿದಳು. ಎರಡು ದಿನ ಬಿಟ್ಟು ಅಣ್ಣ ಬಂದು ದುಡ್ಡು ಕೊಟ್ಟು ಹೋದ. ಅವ್ವನ ಬೆಂಡೋಲೆ ಅಡವಿಟ್ಟಿದ್ದಾರೆ ಅಂತ ಗೊತ್ತಾದದ್ದು ದಸರೆಗೆ ಊರಿಗೆ ಹೋದಾಗ. ಅವಳ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು.

ಪೋಸ್ಟರ್ ಮಾಡಿಸಿದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ, ಹುಟ್ಟುಹಬ್ಬದ ಬ್ಯಾನರ್ ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ. ಅಂಗಡಿ ಹುಡುಗ ನನ್ನ ಕೋಷ್ಟಕಗಳನ್ನೆಲ್ಲ ನೋಡಿ, "ಫೋಟೋ ಎಲ್ಲಿ ಹಾಕೋದ್ರಿ ಮೇಡಂ?" ಅಂತ ಕೇಳಿದ. ಅದನ್ನು ಪಿವಿಸಿ ಪೈಪಿನೊಳಗೆ ಸುತ್ತಿಟ್ಟು ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯೆಲ್ಲ ಪೈಪ್ ತಬ್ಬಿಕೊಂಡೇ ಮಲಗಿದ್ದೆ.

ಅಲ್ಲಿ ಆದದ್ದನ್ನು ಹೇಳುವುದಕ್ಕೇ ಇಷ್ಟು ಬರೆದೆ. ಎರಡನೇ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದ ಹೊತ್ತು. ಬೇರೆ ರಾಜ್ಯದ ಒಬ್ಬ ಹಿರಿಯ ವೈದ್ಯರು ನನ್ನ ಪೋಸ್ಟರ್ ಮುಂದೆ ನಿಂತರು. ಮೇಲಿನಿಂದ ಕೆಳಗೆ ಪೂರ್ತಿ ಓದಿದರು. ಮೂರನೇ ಕೋಷ್ಟಕದ ಮೇಲೆ ಬೆರಳಿಟ್ಟು ಕೇಳಿದರು: "ಈ ರಕ್ತ ಹೆಪ್ಪುಗಟ್ಟಲಿಲ್ಲ ಅಂತ ಬರೆದಿದ್ದೀರಲ್ಲ, ಯಾವುದರಲ್ಲಿ ನೋಡಿದಿರಿ? ಗಾಜಿನದಾ, ಪ್ಲಾಸ್ಟಿಕ್‌ದಾ?"

ನನ್ನ ಬಾಯಿ ಕಟ್ಟಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಳಕುಮಂಡಲದಂಥ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಹಳ್ಳಿಯಲ್ಲೇ ಪತ್ತೆ ಮಾಡಲು ಸುಲಭದ ಪರೀಕ್ಷೆ ಇದೆ. ಎರಡು ಎಂಎಲ್ ರಕ್ತವನ್ನು ಒಣಗಿದ, ಚೊಕ್ಕ ಗಾಜಿನ ನಳಿಕೆಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹರಿದರೆ ವಿಷ ಏರಿದೆ ಅಂತ ಅರ್ಥ. ಆದರೆ ನಳಿಕೆ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್‌ನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಸೋಪಿನ ಪುಡಿ ಹಾಕಿ ತೊಳೆದ ಗಾಜಿನಲ್ಲೂ ಹಾಗೇ ಆಗಬಹುದು. ಆಗ ವಿಷ ಏರದವರಿಗೂ ಹಾವಿನ ವಿಷ ಇಳಿಸುವ ಔಷಧವನ್ನು ಹತ್ತು ವೈಲ್ (ಸಣ್ಣ ಸೀಸೆ) ಏರಿಸಿಬಿಡುತ್ತೇವೆ. ಆ ಔಷಧಕ್ಕೆ ಕೆಲವರ ಮೈ ತಡೆಯುವುದಿಲ್ಲ. ನಿಜವಾಗಿ ಬೇಕಾದವರು ಬಂದಾಗ ಫ್ರಿಜ್ ಖಾಲಿ.

ನಾನು ಇದನ್ನು ಓದಿರಲಿಲ್ಲವೇ? ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ನಾನು ಹೋದ ಕೇಂದ್ರಗಳಲ್ಲಿ ಇದ್ದದ್ದು ಪ್ಲಾಸ್ಟಿಕ್. ನನ್ನ ಕೈ ಅದನ್ನೇ ಹಿಡಿದಿತ್ತು, ತಲೆಗೆ ಹೊಳೆದಿರಲಿಲ್ಲ. ಆ ಹಿರಿಯರು ಬೈಯಲಿಲ್ಲ. ಬ್ಯಾಗಿನಿಂದ ಒಂದು ಚೀಟಿ ತೆಗೆದು, ತಮ್ಮ ಆಸ್ಪತ್ರೆಯಲ್ಲಿ ನಳಿಕೆಗಳನ್ನು ಹೇಗೆ ತೊಳೆಯುತ್ತಾರೆ, ಎಲ್ಲಿ ಇಡುತ್ತಾರೆ ಅಂತ ಬರೆದುಕೊಟ್ಟರು. ಕಲಬುರಗಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅದು. ಒಂದು ಡಬ್ಬಿ ಗಾಜಿನ ನಳಿಕೆ ಕೊಂಡು ಆ ಕೇಂದ್ರಗಳಿಗೆಲ್ಲ ಕೊಟ್ಟು ಬಂದೆ.

ದುಡ್ಡಿನ ಕ್ಲೇಮ್ ಪಾಸಾದದ್ದು ಒಂಬತ್ತು ತಿಂಗಳ ನಂತರ. 4,200 ರೂಪಾಯಿ. ಆಟೋಗೆ ಬಿಲ್ ಎಲ್ಲಿ ಅಂತ ಕೇಳಿ ಮಿಕ್ಕದ್ದನ್ನು ಹೊಡೆದು ಹಾಕಿದ್ದರು.

ಈಗ ಹೇಳಿ, ನನ್ನ ಹಿಂದೆ ಬರುವ ಹುಡುಗಿಯರು ಎಷ್ಟು ಜೋಡಿ ಬೆಂಡೋಲೆ ಅಡವಿಡಬೇಕು?

ನಮ್ಮ ಭಾಗದವರಿಗೆ ಯಾಕೆ ಬೇರೆ ಲೆಕ್ಕ ಅಂತ ಕೇಳುತ್ತಾರೆ. ದೂರ ಸ್ವಾಮಿ, ದೂರ. ಬೆಂಗಳೂರಿನ ಪಿಜಿ ಹುಡುಗ ಬೆಳಿಗ್ಗೆ ಮೆಟ್ರೋ ಹತ್ತಿ ಕಾನ್ಫರೆನ್ಸ್‌ಗೆ ಹೋಗಿ ರಾತ್ರಿ ಮನೆಯ ಊಟ ಮಾಡುತ್ತಾನೆ. ಬೀದರ್‌ನ ಹುಡುಗಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್. ನೋಂದಣಿ ಶುಲ್ಕ ಮಾತ್ರ ಇಬ್ಬರಿಗೂ ಒಂದೇ. ದೂರದ ಬೆಲೆ ಏನು ಅಂತ ನಾವು 2020ರ ಮಾರ್ಚ್‌ನಲ್ಲೂ ನೋಡಿದ್ದೇವೆ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಅವರ ಸ್ಯಾಂಪಲ್ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಯಿತು. ಕೊರೊನಾ ಅಂತ ಖಚಿತವಾದದ್ದು ಅವರು ತೀರಿಕೊಂಡ ಎರಡು ದಿನದ ಮೇಲೆ.

ನಮ್ಮ ರೋಗಗಳ ಬಗ್ಗೆ ನಾವೇ ಹೋಗಿ ಮಾತಾಡಬೇಕು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಆರ್ಸೆನಿಕ್ ಇರುವ ನೀರು ಕುಡಿದು ಮೈಮೇಲೆ ಗಂಟು, ಹುಣ್ಣು ಎಬ್ಬಿಸಿಕೊಂಡರು. ಅದರ ಅಧ್ಯಯನ 2013ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಮೊದಲು ನೋಡುವವರು ಅಲ್ಲಿನ ಆಶಾ, ನರ್ಸ್, ಪಿಎಚ್‌ಸಿ ಡಾಕ್ಟರ್. ಅವರು ಯಾಕೆ ದೊಡ್ಡ ಸಭೆಯಲ್ಲಿ ಎದ್ದು ನಿಂತು ಹೇಳಬಾರದು? ಹಾವಿನ ಕಡಿತವನ್ನೇ ನೋಡಿ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು. ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಸಾರಿದ್ದು 2024ರಲ್ಲಿ. ಇಷ್ಟು ತಡ ಆದದ್ದು ಯಾಕೆ? ಹಾವು ಕಚ್ಚುವುದು ಹೊಲದಲ್ಲಿ, ಕಾನ್ಫರೆನ್ಸ್ ನಡೆಯುವುದು ಹೋಟೆಲ್‌ನಲ್ಲಿ. ನಡುವೆ ಟಿಕೆಟ್ ದುಡ್ಡಿಲ್ಲ.

ಹೊರಗೆ ಇದನ್ನು ಎಂದೋ ಅರ್ಥ ಮಾಡಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನದವರು ಡಾಕ್ಟರ್‌ಗಳಿಗಷ್ಟೇ ಅಲ್ಲ, ಎಚ್‌ಐವಿ ಇರುವವರಿಗೂ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತಾರೆ. 2000ದಲ್ಲಿ ಅದು ಮೊದಲ ಸಲ ಬಡ ದೇಶಗಳ ಕಡೆ, ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಬಂತು. ಔಷಧ ಬಡವರ ಕೈಗೆ ಎಟುಕುವುದಿಲ್ಲ ಅನ್ನುವ ಕೂಗು ಜಗತ್ತಿಗೆ ಜೋರಾಗಿ ಕೇಳಿದ್ದು ಅಲ್ಲಿ. ಕಷ್ಟ ಉಂಡವರೇ ಸಭೆಯಲ್ಲಿದ್ದರು, ಅದಕ್ಕೇ ಕೇಳಿತು.

ಇನ್ನೊಂದು ಮಾತು. ಸರ್ಕಾರ ಕೊಡದಿದ್ದರೆ ಯಾರೂ ಕೊಡುವುದಿಲ್ಲ ಅಂದುಕೊಳ್ಳಬೇಡಿ. ಔಷಧ ಕಂಪನಿಯವರು ಕೊಡಲು ತಯಾರಿರುತ್ತಾರೆ. ಕಂಪನಿಯಿಂದ ಪ್ರಯಾಣದ ಖರ್ಚು ತೆಗೆದುಕೊಳ್ಳಬಾರದು ಅಂತ 2009ರಲ್ಲೇ ವೈದ್ಯರಿಗೆ ನಿಯಮ ಬಂತು. ಕಂಪನಿಗಳಿಗೂ 2024ರಲ್ಲಿ ಸಂಹಿತೆ ಬಂತು. ಒಂದು ಬಾಗಿಲು ಮುಚ್ಚಿದ್ದು ಸರಿ. ಇನ್ನೊಂದು ಬಾಗಿಲು ತೆಗೆಯಬೇಕಲ್ವಾ?

ಡಾಕ್ಟರ್ ಮೂರು ದಿನ ಊರಲ್ಲಿಲ್ಲದಿದ್ದರೆ ರೋಗಿಗಳ ಗತಿ ಏನು ಅಂತ ಕೇಳುವವರಿದ್ದಾರೆ. ಮದುವೆಗೆ, ಶರಣಬಸವೇಶ್ವರ ಜಾತ್ರೆಗೆ ರಜೆ ಹಾಕಿದಾಗ ಈ ಪ್ರಶ್ನೆ ಯಾಕೆ ಬರುವುದಿಲ್ಲ?

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ ಸಿಕ್ಕವು. ಸೀಟು ಕೊಟ್ಟು ಅಲ್ಲಿಗೇ ಕೈಬಿಟ್ಟರೆ ಹೇಗೆ? ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿನಲ್ಲಿ ರಸ್ತೆ ಆಗುತ್ತವೆ, ಕಟ್ಟಡ ಆಗುತ್ತವೆ. ಅದರಲ್ಲಿ ಒಂದು ಸಣ್ಣ ಪಾಲು ಇದಕ್ಕಿಡಲಿ. ಪೋಸ್ಟರ್ ಒಪ್ಪಿಗೆಯಾದ ಪತ್ರ ತೋರಿಸಿದವರಿಗೆ ಹತ್ತು ದಿನ ಮೊದಲು ದುಡ್ಡು ಹಾಕಲಿ. ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನ ಪಾಠ ಮಾಡಿಸಲಿ. ನರ್ಸ್‌ಗಳನ್ನೂ ಲ್ಯಾಬ್‌ನವರನ್ನೂ ಬಿಡಬಾರದು.

ಅವ್ವನ ಬೆಂಡೋಲೆ ಬಿಡಿಸಿದ್ದು ನನ್ನ ಮೊದಲ ಸಂಬಳದಲ್ಲಿ.

ವಿರೋಧ: ಮೊದಲು ಆಸ್ಪತ್ರೆ, ಆಮೇಲೆ ಕಾನ್ಫರೆನ್ಸ್

*ಯಾದಗಿರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವೈದ್ಯಾಧಿಕಾರಿ*

ವಿರೋಧದ ಕಡೆ ಬರೆಯಲು ಯಾರೂ ಒಪ್ಪುತ್ತಿಲ್ಲ, ನೀವು ಬರೆಯಿರಿ ಅಂತ ಕೇಳಿದರು. ನಾನು ಪೂರ್ತಿ ವಿರೋಧಿ ಅಲ್ಲ. ಆದರೂ ಹೇಳಬೇಕಾದ ಕೆಲವು ಮಾತಿವೆ.

ಮೊದಲನೆಯದು, ಕಾನ್ಫರೆನ್ಸ್‌ಗೆ ಹೋದವರೆಲ್ಲ ಕಲಿತು ಬರುವುದಿಲ್ಲ. ಬ್ಯಾಗು ಸಿಗುತ್ತದೆ, ಸರ್ಟಿಫಿಕೇಟ್ ಸಿಗುತ್ತದೆ. ವೈದ್ಯರಾಗಿ ಮಾಡಿಸಿದ ನೋಂದಣಿಯ ನವೀಕರಣಕ್ಕೆ ಬೇಕಾದ ಸಿಎಂಇ (ಮುಂದುವರಿದ ವೈದ್ಯಕೀಯ ಶಿಕ್ಷಣ) ಅಂಕ ಸಿಗುತ್ತದೆ. ಉದ್ಘಾಟನೆ ಮುಗಿದ ಮೇಲೆ ಹಾಲ್‌ನಲ್ಲಿ ಅರ್ಧ ಕುರ್ಚಿ ಖಾಲಿ. ಉಳಿದವರು ಊರು ನೋಡಲು ಹೋಗಿರುತ್ತಾರೆ. ಇದಕ್ಕೆ ಜನರ ದುಡ್ಡು ಯಾಕೆ?

ಎರಡನೆಯದು, ಕಾನ್ಫರೆನ್ಸ್‌ನಲ್ಲಿ ಹೇಳಿದ್ದು ಬಹಳಷ್ಟು ಅಲ್ಲೇ ಉಳಿಯುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯ ಪ್ರಕಾರ ಸಮ್ಮೇಳನಗಳಲ್ಲಿ ಮಂಡಿಸಿದ ಸಾರಾಂಶಗಳಲ್ಲಿ ಪೂರ್ತಿ ಪ್ರಬಂಧವಾಗಿ ಪ್ರಕಟವಾಗುವುದು ನೂರಕ್ಕೆ ಸುಮಾರು 37. ಮಿಕ್ಕವು ಏನಾದವು? ಮಾರ್ಗಸೂಚಿಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ. ಹಾವಿನ ಕಡಿತಕ್ಕೆ, ಕ್ಷಯಕ್ಕೆ, ಬಾಣಂತಿಯರ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ಪುಕ್ಕಟೆ. ಓದಲು ರೈಲು ಹತ್ತಬೇಕಿಲ್ಲ.

ಮೂರನೆಯದು, ವಿದೇಶದ ಮಾತು. ದುಡ್ಡು ಕೊಟ್ಟರೂ ವೀಸಾ ಸಿಗಬೇಕಲ್ಲ. 2022ರಲ್ಲಿ ಮಾಂಟ್ರಿಯಲ್‌ನ ಏಡ್ಸ್ ಸಮ್ಮೇಳನಕ್ಕೆ ಹೊರಟ ಆಫ್ರಿಕಾದ ಎಷ್ಟೋ ಜನರಿಗೆ ಕೆನಡಾ ವೀಸಾ ಕೊಡಲಿಲ್ಲ. ಅವರಲ್ಲಿ ಸ್ಕಾಲರ್‌ಶಿಪ್ ಸಿಕ್ಕವರೂ ಇದ್ದರು.

ಇವೆಲ್ಲ ಇರಲಿ. ನನಗೆ ನಿಜವಾಗಿ ಹತ್ತಿರದ್ದು ನಾಲ್ಕನೆಯದು.

ಕೆಲವು ವರ್ಷದ ಹಿಂದೆ ನಾನೂ ಒಂದು ಕಾನ್ಫರೆನ್ಸ್‌ಗೆ ಹೋಗಿದ್ದೆ, ಖರ್ಚು ಕೊಟ್ಟಿದ್ದರು. ಗುರುವಾರದಿಂದ ಶನಿವಾರ. ನಮ್ಮ ಕೇಂದ್ರಕ್ಕೆ ನಾನೊಬ್ಬನೇ ಡಾಕ್ಟರ್. ಪಕ್ಕದ ಕೇಂದ್ರದವರಿಗೆ ಚಾರ್ಜ್ ಕೊಟ್ಟಿದ್ದೆ. ಅವರಿಗೆ ಅಲ್ಲಿಯದೇ ಸಾಕಾಗಿತ್ತು, ಬರಲಾಗಲಿಲ್ಲ. ಸೋಮವಾರ ಬಂದು ಓಪಿಡಿ ರಿಜಿಸ್ಟರ್ ತೆರೆದೆ. ನಮ್ಮ ಫಾರ್ಮಾಸಿಸ್ಟ್ ಅಣ್ಣ, ಬಂದು ವಾಪಸ್ ಹೋದವರ ಹೆಸರನ್ನೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. 63 ಹೆಸರು. ಕೆಲವರ ಹೆಸರಿನ ಮುಂದೆ ಊರು, ಎಷ್ಟು ದೂರದಿಂದ ನಡೆದು ಬಂದರು ಅಂತಲೂ ಇತ್ತು. "ನೀವು ಬಂದ ಮೇಲ ತೋರಸ್ಬೇಕು ಅಂತ ಬರದೀನ್ರಿ ಸರ್" ಅಂದರು. ಅದರಲ್ಲಿ ಒಬ್ಬ ಅಜ್ಜಿ ಸಕ್ಕರೆ ಕಾಯಿಲೆಯವರು. ಮೂರು ದಿನವೂ ಬಂದಿದ್ದರು. ಮೂರು ದಿನವೂ ಅವರ ಹೆಸರಿತ್ತು. ಆ ವಾರ ನಾನು ಆಶಾಗಳ ಜೊತೆ ಅವರ ಮನೆಗೆ ಹೋಗಿ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿ ಬಂದೆ. ಆ ಕಾನ್ಫರೆನ್ಸ್‌ನಲ್ಲಿ ಏನು ಕೇಳಿದೆ ಅಂತ ಈಗ ನೆನಪಿಲ್ಲ. ಆ ಪೆನ್ಸಿಲ್ ಬರಹ ನೆನಪಿದೆ.

ಅದಕ್ಕೇ ಹೇಳುವುದು, ಮೊದಲು ಬದಲಿ ವೈದ್ಯರನ್ನು ಕೊಡಿ. ಲ್ಯಾಬ್‌ಗೆ ಬೇಕಾದ ಸಾಮಾನು ಕೊಡಿ. ಇಲ್ಲದಿದ್ದರೆ ಕಾನ್ಫರೆನ್ಸನ್ನೇ ಇಲ್ಲಿಗೆ ತನ್ನಿ. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆಗಿದೆ, ವಂದೇ ಭಾರತ್ ರೈಲು ಬಂದಿದೆ. ದೊಡ್ಡವರು ಒಮ್ಮೆ ಇತ್ತ ಬರಲಿ. ನಮ್ಮ ಬಿಸಿಲು ನೋಡಲಿ, ನಮ್ಮ ವಾರ್ಡ್ ನೋಡಲಿ.

ನಮ್ಮ ಲ್ಯಾಬ್ ಟೆಕ್ನಿಷಿಯನ್ ಹುಡುಗಿ ಈ ವರ್ಷ ರಕ್ತಹೀನತೆ ಬಗ್ಗೆ ಒಂದು ಸಾರಾಂಶ ಬರೆದಿದ್ದಾಳೆ. ಹೋದ ವಾರ ಸಹಿಗೆ ತಂದಳು. ಓದಿದೆ, ಛಲೋ ಬರೆದಿದ್ದಾಳೆ. ಸಹಿ ಹಾಕಿದ್ದೇನೆ. ಅವಳು ಹೋದ ಮೂರು ದಿನ ಮಲೇರಿಯಾ ಸ್ಲೈಡ್ ಯಾರು ನೋಡಬೇಕು ಅಂತ ಅದೇ ಪತ್ರದ ಕೆಳಗೆ ಮೇಲಿನವರನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.