ಒಂದೂವರೆ ಉಧೋ

ನನ್ನ ಮಾರುತಿ ಜಿಪ್ಸಿಯ ಶಾಕ್ ಅಬ್ಸಾರ್ಬರ್ ಸತ್ತಿರುವುದು ನನಗಿಂತ ಮೊದಲು ಅವ್ವನಿಗೆ ಗೊತ್ತಾಗಿತ್ತು. ಹಾಗಂತ ಅವಳು ಶಾಕ್ ಅಬ್ಸಾರ್ಬರ್ ಅನ್ನುವ ಹೆಸರು ಕೇಳಿದವಳೇನಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆವು. ಬೆಳಗಾವಿ ಬಿಟ್ಟು ಮೊದಲ ಹಂಪ್ ಬಂತು. ಗಾಡಿ ಜಿಗಿಯಿತು, ಅವ್ವ "ಉಧೋ" ಅಂತ ಎಲ್ಲಮ್ಮನ ಜೈಕಾರ ಹಾಕಿದಳು. ಹಂಪ್ ದಾಟಿದ ಮೇಲೂ ಗಾಡಿ ಇನ್ನೊಮ್ಮೆ ಜಿಗಿಯಿತು. "ಉಧೋ." ಮತ್ತೊಮ್ಮೆ. "ಉಧೋ." ನಾಲ್ಕನೆಯದು ಸಣ್ಣ ಜಿಗಿತ, ಅದಕ್ಕೆ ತಕ್ಕಂತೆ ಸಣ್ಣ ಉಧೋ. ಒಂದು ಹಂಪಿಗೆ ನಾಲ್ಕರ ಲೆಕ್ಕದಲ್ಲಿ, ಬೈಲಹೊಂಗಲ ಮುಟ್ಟುವಷ್ಟರಲ್ಲಿ ಗುಡ್ಡದ ಮೇಲೆ ಕೂಗಬೇಕಾದದ್ದೆಲ್ಲ ಗಾಡಿಯಲ್ಲೇ ಖರ್ಚಾಗಿತ್ತು.

ವಾಪಸ್ ಬರುವಾಗ ಅವ್ವ ಬಸ್ಸಿಗೆ ಬಂದಳು.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಜಿಪ್ಸಿ ನಮ್ಮ ದೇಶದ ರಸ್ತೆಗೆ ಇಳಿದದ್ದು 1985ರಲ್ಲಿ. ಆಗ ಅದರ ಎಂಜಿನ್ 970 ಸಿಸಿ. ನನ್ನದು ಆಮೇಲೆ ಬಂದ ಕಿಂಗ್, 1.3 ಲೀಟರಿನದು. ಎಂಜಿನ್ ದೊಡ್ಡದಾಯಿತು, ಆದರೆ ಕೆಳಗಿನ ಸಂಸಾರ ಬದಲಾಗಲಿಲ್ಲ. ಮುಂದೊಂದು ಗಟ್ಟಿ ಅಚ್ಚು, ಹಿಂದೊಂದು ಗಟ್ಟಿ ಅಚ್ಚು, ನಾಲ್ಕೂ ಮೂಲೆಗೆ ಪಟ್ಟಿ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್. ಎತ್ತಿನ ಬಂಡಿ ಇದಕ್ಕೆ ತೀರಾ ದೂರದ ನೆಂಟನೇನಲ್ಲ. ಆದರೂ ಕ್ಯಾಂಪ್ ಕಡೆ ಮಿಲಿಟರಿ ಜಿಪ್ಸಿಗಳು ಓಡಾಡುವುದನ್ನು ನೋಡುತ್ತಾ ಬೆಳೆದ ಬೆಳಗಾವಿ ಹುಡುಗರಿಗೆ ಅದರ ಹುಚ್ಚು ಇದ್ದೇ ಇರುತ್ತದೆ. ನನ್ನ ಹುಚ್ಚು ನಲವತ್ತೈದಕ್ಕೆ ಹೊರಗೆ ಬಂತು. ಅಷ್ಟೇ ವ್ಯತ್ಯಾಸ.

ಖಾನಾಪುರದ ಕಡೆಯ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಕೊಂಡೆ. ಅವರು ಅದನ್ನು ಮೊದಲೇ ಎತ್ತರಿಸಿದ್ದರು. "4 ಇಂಚು ಎತ್ತಿಸೇನ್ರಿ," ಅಂದಿದ್ದರು, ಮಗನನ್ನು ಎಂಜಿನಿಯರಿಂಗ್ ಓದಿಸಿದವರ ದನಿಯಲ್ಲಿ. ನಾನೂ ಊರೆಲ್ಲ 4 ಇಂಚು, 4 ಇಂಚು ಅಂತ ಹೇಳಿಕೊಂಡು ಬಂದೆ. ಅಳೆದು ನೋಡಲಿಲ್ಲ. ಯಾರಾದರೂ ಅಳೀತಾರಾ?

ಬಸ್ಸಿನ ಅವಮಾನ ಆದ ಮೇಲೆ ಶಾಕ್ ಬದಲಿಸುವುದು ಅಂತ ತೀರ್ಮಾನಿಸಿದೆ. ಪುಣೆಯಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಅವನು ಕಾರಿನ ವಿಷಯದಲ್ಲಿ ಶಾಣ್ಯಾ. "ಮಾಮಾ, ಶಾಕ್ ಜೊತೆ ಸ್ಟ್ರಟ್ಟೂ ಚೇಂಜ್ ಮಾಡಿಸಿಬಿಡು," ಅಂದ. ಸ್ಟ್ರಟ್ ಅನ್ನುವ ಮಾತು ನನಗೆ ಬಹಳ ಹಿಡಿಸಿತು. ಬಾಯಲ್ಲಿ ತುಂಬಿಕೊಳ್ಳುತ್ತದೆ. ಮರುದಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಮುಂದೆ ಗಟ್ಟಿಯಾಗಿ ಕೇಳಿದೆ. "ಜಿಪ್ಸಿಗೆ ನಾಕು ಸ್ಟ್ರಟ್ ಕೊಡ್ರಿ."

ಕೌಂಟರಿನವನು ಪೆನ್ನು ಕೆಳಗಿಟ್ಟ. "ಯಾವ ಗಾಡಿಗ್ರಿ?"

"ಜಿಪ್ಸಿಗೆ."

"ನಂದಿಕೋಲಿಗೆ ಬ್ರೇಕ್ ಕೇಳಿದಂಗ ಆತಲ್ರಿ!"

ಗಿರಾಕಿಗಳು ನಕ್ಕರು. ಅವನು ಮಾತ್ರ ಒಳ್ಳೆಯ ಮನುಷ್ಯ, ಕೂರಿಸಿ ತಿಳಿಸಿ ಹೇಳಿದ. ಸ್ಟ್ರಟ್ ಇರುವುದು ಹಳೆಯ ಮಾರುತಿ 800ರ ಮುಂಭಾಗದಂಥ ಕಡೆ. ಅಲ್ಲಿ ಶಾಕ್, ಸ್ಪ್ರಿಂಗ್ ಎಲ್ಲ ಸೇರಿ ಒಂದೇ ಕಂಬ. ಗಾಡಿಯ ಭಾರ ಅದರ ಮೇಲೇ ಕೂರುತ್ತದೆ, ಸ್ಟೇರಿಂಗ್ ತಿರುಗಿಸಿದರೆ ಆ ಕಂಬವೇ ತಿರುಗುತ್ತದೆ. ಅದನ್ನು ತೆಗೆದರೆ ಗಾಲಿ ನಿಲ್ಲುವುದಿಲ್ಲ. ಜಿಪ್ಸಿಯಲ್ಲಿ ಭಾರ ಹೊರುವುದು ಲೀಫ್ ಪಟ್ಟಿ. ಶಾಕ್ ಅನ್ನೋದು ಪಕ್ಕದಲ್ಲಿ ನಿಂತು "ಸಾಕು ಕುಣಿದದ್ದು" ಅನ್ನುವ ಹಿರಿಯ, ಅಷ್ಟೇ. ಅದನ್ನು ಬಿಚ್ಚಿಟ್ಟರೂ ಗಾಡಿ ಒಂದಿಂಚೂ ಕುಸಿಯೋದಿಲ್ಲ. ಕುಣಿತಾನೇ ಇರುತ್ತದೆ. ಹೊಸ ಶಾಕ್ ಹಾಕಿದರೆ ಗಾಡಿ ಇನ್ನಷ್ಟು ಎತ್ತರ ಆಗುತ್ತೆ ಅಂತ ನಾನು ನಂಬಿದ್ದೆ. ಅದನ್ನು ಅಲ್ಲಿ ಬಾಯಿ ಬಿಡಲಿಲ್ಲ. ಒಂದು ದಿನಕ್ಕೆ ಒಂದು ನಗು ಸಾಕು.

ಆದರೆ ಮುಖ್ಯವಾದ ಪ್ರಶ್ನೆಯನ್ನು ಅವನೂ ಕೇಳಿದ. "ಎಷ್ಟು ಲಿಫ್ಟ್ ಆಗೇತ್ರಿ?" ನಾನು ಎದೆಯುಬ್ಬಿಸಿ "4 ಇಂಚು" ಅಂದೆ. 4 ಇಂಚಿನ ಲಿಫ್ಟಿಗೆ ಆಗುವ ಉದ್ದನೆಯ ಗ್ಯಾಸ್ ಶಾಕ್ ತರಿಸಿಕೊಟ್ಟ. ತಪ್ಪು ಅವನದಲ್ಲ.

ಆ ಶಾಕ್‌ಗಳು ಮನೆಗೆ ಬಂದ ಸಂಜೆಯನ್ನು ನನ್ನ ಹೆಂಡತಿ ಈಗಲೂ ನೆಂಟರಿಗೆ ಹೇಳುತ್ತಾಳೆ. ಗ್ಯಾಸ್ ಶಾಕ್ ಒಳಗೆ ನೈಟ್ರೋಜನ್ ತುಂಬಿರುತ್ತಾರೆ. ಬರೀ ಎಣ್ಣೆಯ ಶಾಕ್ ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಮೇಲೆ ಕೆಳಗೆ ಆಡಿದರೆ ಎಣ್ಣೆ ನೊರೆಯೇಳುತ್ತದೆ. ನೊರೆಯಾದ ಎಣ್ಣೆಗೆ ಹಿಡಿತವಿಲ್ಲ. ಗ್ಯಾಸಿನ ಒತ್ತಡ ಇದ್ದರೆ ನೊರೆ ಅಷ್ಟು ಬೇಗ ಏಳುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆ ಗ್ಯಾಸ್ ಶಾಕಿನ ರಾಡನ್ನು ತಾನೇ ಹೊರಗೆ ತಳ್ಳುತ್ತದೆ, ಅದಕ್ಕೇ ಅದನ್ನು ಒತ್ತಿ ಪಟ್ಟಿ ಕಟ್ಟಿ ಕಳಿಸಿರುತ್ತಾರೆ ಅನ್ನೋದು ಗೊತ್ತಿರಲಿಲ್ಲ.

ಊಟದ ಟೇಬಲ್ಲಿನ ಮೇಲೆ ಒಂದನ್ನು ಮಲಗಿಸಿದೆ. ಒಂದು ತುದಿ ಗೋಡೆಗೆ ತಾಗಿತ್ತು. ಇನ್ನೊಂದು ತುದಿಯ ಮುಂದೆ ಶೇಂಗಾ ಹಿಂಡಿಯ ಗಾಜಿನ ಭರಣಿ. ಅಡುಗೆಮನೆಯ ಚಾಕುವಿನಿಂದ ಪಟ್ಟಿ ಕತ್ತರಿಸಿದೆ. ಏನೂ ಆಗಲಿಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ರಾಡು ಹೊರಗೆ ಬರುತ್ತಿದೆ. ಗಡಿಬಿಡಿ ಇಲ್ಲ. ಮದುವೆ ಮನೆಯಲ್ಲಿ ಪಂಕ್ತಿಯಿಂದ ಏಳುವ ಹಿರಿಯರ ಹಾಗೆ, ನಿಧಾನಕ್ಕೆ, ಗಂಭೀರವಾಗಿ. ಭರಣಿ ಸರಿಯಿತು. ನಾನು ಎರಡೂ ಕೈಯಿಂದ ರಾಡು ಹಿಡಿದು ಒಳಗೆ ಒತ್ತಿದೆ. ಅದು ನನ್ನನ್ನೂ ಸೇರಿಸಿಕೊಂಡು ಮುಂದೆ ಬಂತು. ಒತ್ತುವ ಬದಲು ಭರಣಿಯನ್ನು ಎತ್ತಬಹುದಿತ್ತು ಅಂತ ಹೆಂಡತಿ ಆಮೇಲೆ ಹೇಳಿದಳು. ಆ ಹೊತ್ತಿಗೆ ಹಿಂಡಿ ನೆಲದ ಮೇಲಿತ್ತು.

ಮರುದಿನ ಮನೆ ಹತ್ತಿರದ ಗ್ಯಾರೇಜಿನಲ್ಲಿ ನಾಲ್ಕನ್ನೂ ಹಾಕಿಸಿದೆ. ಎಷ್ಟು ಚೆನ್ನಾಗಿತ್ತು ಅಂದರೆ, ಎರಡನೇ ರೈಲ್ವೆ ಗೇಟನ್ನು ಸುಮ್ನೆ ಎರಡು ಸಲ ದಾಟಿ ಬಂದೆ. ಭಾನುವಾರ ಜಾಂಬೋಟಿ ಕಡೆ ಹೊರಟೆ. ಮಳೆ ಆಗತಾನೇ ಮುಗಿದಿತ್ತು, ಕೆಂಪು ನೀರು ತುಂಬಿದ ಗುಂಡಿಗಳು. ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಇಳಿದವನಿಗೇ ಗೊತ್ತು. ನಾನು ಇಳಿದೆ. ಕೆಳಗಿನಿಂದ "ಟಣ್" ಅಂತ ಒಂದು ಸದ್ದು. ಗುಡಿಯ ಗಂಟೆ ಹೊಡೆದ ಹಾಗೆ. ಇನ್ನೊಂದು ಗುಂಡಿ, ಇನ್ನೊಂದು ಟಣ್. ಅವ್ವ ಇದ್ದಿದ್ದರೆ ಕೈ ಮುಗಿಯುತ್ತಿದ್ದಳು. ಮನೆಗೆ ಬಂದು ಬಗ್ಗಿ ನೋಡಿದರೆ ಮುಂದಿನ ಎಡಗಡೆಯ ಹೊಸ ಶಾಕಿನ ಮೈಮೇಲೆ ಎಣ್ಣೆ ಇಳಿದಿತ್ತು. ಅದಕ್ಕೆ ಕೆಂಪು ಧೂಳು ಮೆತ್ತಿಕೊಂಡು, ಥೇಟ್ ನಮ್ಮ ಮನೆ ನೆಲದ ಮೇಲೆ ಬಿದ್ದ ಹಿಂಡಿ.

ಆಗ ಉದ್ಯಮಬಾಗದ ಒಬ್ಬ ಮಿಸ್ತ್ರಿ ಚಾಚಾನ ಹತ್ತಿರ ಹೋಗು ಅಂದರು ಗೆಳೆಯರು. ಲೇತ್ ಮಷಿನ್ನು, ಫೌಂಡ್ರಿ, ಹೈಡ್ರಾಲಿಕ್ಸ್ ಅಂತ ಇಡೀ ದಿನ ಕಬ್ಬಿಣದ ಸದ್ದೇ ಕೇಳುವ ಜಾಗ ಅದು. ಅಲ್ಲಿ ಸಣ್ಣದೊಂದು ಶೆಡ್ಡು. ಚಾಚಾ ನನ್ನ ಮಾತು ಅರ್ಧ ಕೇಳಿ ಗಾಡಿಯ ಕೆಳಗೆ ಹೋದರು. ಕೆಳಗಿನಿಂದಲೇ ಪ್ರಶ್ನೆ ಬಂತು.

"ಎಷ್ಟು ಎತ್ತ್ಯಾರ ಅಂದ್ರಿ?"

"4 ಇಂಚು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೈಯಷ್ಟೇ ಹೊರಗೆ ಬಂತು, ಬೆರಳು ಎಣಿಸುತ್ತಾ. "ಶ್ಯಾಕಲ್, ಅಂದ್ರ ಪಟ್ಟಿಯ ತುದೀನ ಚಾಸಿಗೆ ಜೋಡಸೂ ಕೊಂಡಿ, 2 ಇಂಚು ಉದ್ದ ಹಾಕ್ಯಾರ. ಪಟ್ಟಿಯ ಒಂದ ತುದಿಗೆ ಮಾತ್ರ ಶ್ಯಾಕಲ್ ಇರೂದ್ರಿಂದ ನಡುವ ಅಚ್ಚಿನ ಹತ್ರ ಸಿಗೂದು ಅರ್ಧ. ಅಂದ್ರ 1 ಇಂಚು. ಒಂದು ಪಟ್ಟಿ ಜಾಸ್ತಿ ಸೇರಿಸ್ಯಾರ, ಅದು 1 ಇಂಚು. ಟೈರ್ ದೊಡ್ಡದು, ಅದರಿಂದ 1 ಇಂಚು. ಆದ್ರ ಟೈರಿಂದ ಗಾಡಿ ನೆಲದಿಂದ ಎತ್ತರ ಆಗತೈತಿ, ಅಚ್ಚಿಗೂ ಚಾಸಿಗೂ ನಡುವಿನ ಜಾಗ ಹೆಚ್ಚಾಗಂಗಿಲ್ಲ. ಶಾಕಿಗೆ ಅದರ ಸಂಬಂಧ ಇಲ್ಲ."

"ಮೂರಾಯ್ತು. ಇನ್ನೊಂದು ಇಂಚು?"

"ಅದು ಬಾಯಿಂದ ಎತ್ತಿದ್ದು."

ಅಂದರೆ 2 ಇಂಚಿನ ಗಾಡಿಗೆ ನಾನು 4 ಇಂಚಿನ ಶಾಕ್ ತೊಡಿಸಿದ್ದೆ. ಶಾಕ್ ಉದ್ದ ಬಿಚ್ಚಿಕೊಳ್ಳಬೇಕಾದರೆ ಅದರ ಕೊಳವೆಯೂ ಉದ್ದ ಇರಲೇಬೇಕು. ಹಾಗಾಗಿ ಮುಚ್ಚಿದಾಗಲೂ ಅದು ಉದ್ದವೇ. ಗುಂಡಿಗೆ ಬಿದ್ದಾಗ ಅಚ್ಚು ಮೇಲೆ ಬಂದು ರಬ್ಬರಿನ ಬಂಪ್ ಸ್ಟಾಪಿಗೆ ತಾಗಬೇಕು. ನನ್ನ ಗಾಡಿಯಲ್ಲಿ ಅದಕ್ಕಿಂತ ಮೊದಲೇ ಶಾಕ್ ಪೂರ್ತಿ ಮುಚ್ಚಿ, ಇಡೀ ಗಾಡಿಯ ಏಟನ್ನು ತಾನೇ ತಿಂದಿತ್ತು. ಆ ಟಣ್ ಅದರದ್ದು. ಹಾಗಂತ ಹಳೆಯ ಕಂಪನಿ ಅಳತೆಯ ಗಿಡ್ಡ ಶಾಕ್ ಹಾಕಿದರೂ ಆಗದು. ಗಾಲಿ ತಗ್ಗಿಗೆ ಇಳಿದಾಗ ಅದೇ ಹಗ್ಗದ ಹಾಗೆ ಬಿಗಿದುಕೊಂಡು, ಗಾಲಿ ಗಾಳಿಯಲ್ಲಿ ತೂಗುತ್ತದೆ, ಶಾಕಿನ ಕಿವಿ ಕಿತ್ತು ಬರುತ್ತದೆ. ಮೊದಲ ಮಾಲೀಕರು ಮಾಡಿದ್ದು ಅದನ್ನೇ. ಎತ್ತರಿಸಿ ಹಳೇ ಶಾಕ್ ಬಿಟ್ಟಿದ್ದರು.

"ಉದ್ದ ಆದ್ರ ಚೊಲೊ ಅನ್ಕೊಂಡ್ರಿ?" ಅಂದರು ಚಾಚಾ. "ಧೋತ್ರ ಉದ್ದ ಆದ್ರ ಎಡವತಾರ್ರಿ, ಸಾಹೇಬ್ರ."

ಸ್ಟೇರಿಂಗ್ ಬಗ್ಗೆಯೂ ಕೇಳಿಬಿಟ್ಟೆ. ಹೈವೇಯಲ್ಲಿ ಧಾರವಾಡದ ಕಡೆ ಹೊರಟರೆ ನನ್ನ ಗಾಡಿಯ ಮನಸ್ಸು ಕೊಲ್ಹಾಪುರದ ಕಡೆ ಇರುತ್ತದೆ. ಮುಂದಿನ ಶ್ಯಾಕಲ್ ಉದ್ದ ಮಾಡಿದರೆ ಅಚ್ಚು ಸ್ವಲ್ಪ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಅನ್ನುವ ವಾಲಿಕೆ ಕಮ್ಮಿಯಾಗುತ್ತದಂತೆ, ಗಾಲಿಗೆ ನೇರ ನಿಲ್ಲುವ ಬುದ್ಧಿ ಹೋಗುತ್ತದಂತೆ. ಅದು ಶಾಕಿನಿಂದ ಸರಿಹೋಗೋದಲ್ಲ. ಅದರ ಖರ್ಚು ಬೇರೆ, ಅದರ ಕಥೆ ಬೇರೆ.

ಅಳತೆ ಶುರುವಾಯಿತು. ನಾಲ್ಕೂ ಶಾಕ್ ಬಿಚ್ಚಿದರು. ಮುಂದಿನ ಒಂದು ಗಾಲಿಯನ್ನು ದೊಡ್ಡ ಕಬ್ಬಿಣದ ದಿಮ್ಮಿಯ ಮೇಲೆ ಹತ್ತಿಸಿದರು. ಆ ಕಡೆಯ ಅಚ್ಚು ಬಂಪ್ ಸ್ಟಾಪಿಗೆ ತಾಗಿತು, ಈ ಕಡೆಯ ಗಾಲಿ ಪೂರ್ತಿ ಜೋತುಬಿತ್ತು. ಒಂದೇ ಸಲಕ್ಕೆ ಎರಡೂ ಅಳತೆ ಸಿಕ್ಕಹಾಗೆ. ಟೇಪ್ ಹುಡುಕಿದರೆ ಹುಡುಗ ಎಲ್ಲೋ ಒಯ್ದಿದ್ದ. ಚಾಚಾ ಶೆಡ್ಡಿನ ಮೂಲೆಯಿಂದ ಒಂದು ಕಬ್ಬಿನ ಜಲ್ಲೆ ತೆಗೆದರು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರಿನಿಂದ ಯಾರೋ ಜಗ್ಗಿಕೊಂಡದ್ದಿರಬೇಕು. ಅದನ್ನು ಮೇಲಿನ ಮೌಂಟಿನಿಂದ ಕೆಳಗಿನ ಮೌಂಟಿಗೆ ಹಿಡಿದು, ಮುಚ್ಚಿದಾಗ ಇಷ್ಟು ಅಂತ ಒಂದು ಗೀರು, ಬಿಚ್ಚಿದಾಗ ಇಷ್ಟು ಅಂತ ಇನ್ನೊಂದು ಗೀರು ಹಾಕಿದರು. ಹಿಂದಿನದಕ್ಕೂ ಹಾಗೇ ಎರಡು. ಎರಡೂ ತುದಿಗೆ ಅರ್ಧ ಇಂಚು ಬಿಡುವು ಇರುವಂಥ ಶಾಕ್ ಹುಡುಕಿ ತರಬೇಕು, ಜಾಸ್ತಿ ಬಿಗಿಯದು ಬೇಡ, ಲೀಫ್ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡೇ ಸಾಕಷ್ಟು ಬಿಗಿ ಇರುತ್ತಾವೆ ಅಂತ ಹೇಳಿ ಕಬ್ಬನ್ನು ನನ್ನ ಕೈಗೆ ಕೊಟ್ಟರು.

ಕಬ್ಬು ತಂದು ಕಟ್ಟೆಯ ಮೂಲೆಗೆ ನಿಲ್ಲಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಮಗ ಮತ್ತು ಅವನ ಇಬ್ಬರು ಗೆಳೆಯರು ಕಟ್ಟೆಯ ಮೇಲೆ ಕೂತಿದ್ದಾರೆ. ಹಿಂದಿನ ಶಾಕಿನ ಎರಡೂ ಅಳತೆ ಸಿಪ್ಪೆಯಾಗಿ ಕೆಳಗೆ ಬಿದ್ದಿದ್ದವು. ಮುಂದಿನದು ಇನ್ನೂ ಬಾಯಲ್ಲಿತ್ತು.

"ಭಾಳ ಸಿಹಿ ಐತಿ ಪಪ್ಪಾ," ಅಂದ.

ಮರುದಿನ ಮತ್ತೆ ಉದ್ಯಮಬಾಗ. ಚಾಚಾ ನಗಲಿಲ್ಲ. ಮತ್ತೆ ದಿಮ್ಮಿ ಹತ್ತಿಸಿದರು. ಈ ಸಲ ಪಿವಿಸಿ ಪೈಪಿನ ಮೇಲೆ ಗೀರು ಹಾಕಿಕೊಟ್ಟು, "ಇದನ್ನ ತಿಂದ್ರ ನನಗ ಫೋನ್ ಹಚ್ಚ್ರಿ," ಅಂದರು.

ಪೈಪ್ ಹಿಡಿದುಕೊಂಡು ಅದೇ ಅಂಗಡಿಗೆ ಹೋದೆ. ಈ ಸಲ ಬ್ರಾಂಡಿನ ಮಾತು ಬರಲೇ ಇಲ್ಲ. ಕೌಂಟರಿನವನು ಕ್ಯಾಟಲಾಗಿನಲ್ಲಿ ಮುಚ್ಚಿದ ಉದ್ದ, ಬಿಚ್ಚಿದ ಉದ್ದದ ಪಟ್ಟಿ ತೆಗೆದು ಪೈಪಿನ ಪಕ್ಕ ಸ್ಕೇಲ್ ಇಟ್ಟು ನೋಡಿದ. ನಾಲ್ಕು ದಿನಕ್ಕೆ ಶಾಕ್ ಬಂತು. ಶಾಕಿಗೆ ಕಟ್ಟಿದ್ದ ಪಟ್ಟಿಯನ್ನು ಚಾಚಾನೇ ಕತ್ತರಿಸಿದರು. ಹಾಕಿದ ಮೇಲೆ ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದು ನಾಲ್ಕನ್ನೂ ಮುಟ್ಟಿ ನೋಡಲು ಹೇಳಿದರು. ಶಾಕ್ ಅಂದರೆ ಕುಣಿತವನ್ನು ನುಂಗಿ ಬಿಸಿಯಾಗುವ ವಸ್ತು. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಮೈಗಳ್ಳ ತಣ್ಣಗಿರುತ್ತದೆ. ನಾಲ್ಕೂ ಬೆಚ್ಚಗಿದ್ದವು. ಒಂದಂತೂ ಬೆರಳಿಗೆ ಚುರ್ ಅಂತು, ನನಗೆ ಖುಷಿಯೇ ಆಯಿತು.

ಕೊನೆಗೆ ಚಾಚಾ ಒಂದು ಮಾತು ಹೇಳಿದ್ದರು. "ಹಂಪ್ ಇಳದ ಮ್ಯಾಲೆ ಗಾಡಿ ಒಂದೂವರೆ ಸಲ ಆಡಿ ನಿಂತ್ರ ಶಾಕ್ ಬರೋಬ್ಬರಿ ಐತಿ ಅಂತ ತಿಳೀರಿ."

ಮುಂದಿನ ಹುಣ್ಣಿಮೆಗೆ ಅವ್ವನನ್ನು ಬಹಳ ಪುಸಲಾಯಿಸಿ ಮತ್ತೆ ಗಾಡಿ ಹತ್ತಿಸಿದೆ. ಬಸ್ಸಿನ ದುಡ್ಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಕೂತಳು. ಅದೇ ಹಂಪ್ ಬಂತು. ಮೆತ್ತಗೇನಲ್ಲ, ಜಿಪ್ಸಿ ಜಿಪ್ಸಿಯೇ, ತಲೆ ಟಾಪಿಗೆ ತಾಗಿತು.

"ಉಧೋ," ಅಂದಳು ಅವ್ವ. ಗಾಡಿ ಇನ್ನೊಮ್ಮೆ ಏಳಲು ಹೋಯಿತು.

"ಉ..."

ಬಾಯಿ ತೆರೆದದ್ದು ಹಾಗೇ ಉಳಿಯಿತು. ಅನುಮಾನದಿಂದ ನನ್ನ ಕಡೆ ನೋಡಿದಳು. ನಾನು ಎರಡನೇ ಗೇರಿನಿಂದ ಮೂರಕ್ಕೆ ಹಾಕಿದೆ.