ಟೂಪ್ಯಾಕ್‌ನ ಹಾಡುಗಳನ್ನು ಕಲಸಿಟ್ಟವರ ಬಗ್ಗೆ

ನಿನ್ನೆ ಮಂಡ್ಯದಿಂದ ಮೈಸೂರಿಗೆ ಬರುವ ದಾರಿಯಲ್ಲಿ ಅಣ್ಣನ ಮಗ ಅಮೆರಿಕದ ರ‍್ಯಾಪ್ ಗಾಯಕ ಟೂಪ್ಯಾಕ್ ಶಕೂರ್ ಬಗ್ಗೆ, "ಟೂಪ್ಯಾಕ್‌ನ ಪೂರ್ತಿ ಕೇಳಿ ಮುಗಿಸ್ದೆ ಚಿಕ್ಕಪ್ಪ" ಎಂದು ಘೋಷಿಸಿದ. ಯಾವ ಯಾವ ಆಲ್ಬಮ್ ಎಂದು ಕೇಳಿದ್ದಕ್ಕೆ, "ಗ್ರೇಟೆಸ್ಟ್ ಹಿಟ್ಸ್ ಇದ್ಯಲ್ಲ, ಅದ್ರಲ್ಲಿ ಎಲ್ಲಾ ಬಂತು" ಎಂಬ ಉತ್ತರ ಬಂತು. ಶ್ರೀರಂಗಪಟ್ಟಣ ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ, ಮತ್ತು ನನ್ನನ್ನು ಬಲ್ಲವರಿಗೆ ಅದು ಎಷ್ಟು ಕಷ್ಟದ ಕೆಲಸವೆಂದು ಗೊತ್ತು. ರಾತ್ರಿ ಮನೆಗೆ ಬಂದು ಆ ಸಂಕಲನವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಕೇಳಿದೆ. ಹುಡುಗನ ಮೇಲಿದ್ದ ಅಸಮಾಧಾನವೆಲ್ಲ ಅದನ್ನು ಕಟ್ಟಿದ ಕಂಪನಿಯವರ ಕಡೆಗೆ ತಿರುಗಿತು.

ಟೂಪ್ಯಾಕ್ ಶಕೂರ್ ತೀರಿಕೊಂಡದ್ದು 1996ರ ಸೆಪ್ಟೆಂಬರ್ 13ರಂದು, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಎರಡು ವರ್ಷಗಳ ನಂತರ, 1998ರ ನವೆಂಬರ್‌ನಲ್ಲಿ, ಡೆತ್ ರೋ, ಇಂಟರ್‌ಸ್ಕೋಪ್ ಮತ್ತು ಅಮಾರು ಎಂಬ ರೆಕಾರ್ಡ್ ಕಂಪನಿಗಳು ಸೇರಿ ಎರಡು ಡಿಸ್ಕ್‌ಗಳ ಈ ಸಂಕಲನವನ್ನು ಹೊರತಂದವು. ಅದರಲ್ಲಿ 25 ಹಾಡುಗಳಿವೆ, ಆಯ್ಕೆಯ ಬಗ್ಗೆ ನನ್ನ ತಕರಾರು ದೊಡ್ಡದಲ್ಲ. 'ಆಂಬಿಷನ್ಸ್ ಆಸ್ ಎ ರೈಡಾ' ಇಲ್ಲವೆಂದು ಗೊಣಗಬಹುದು, ಗೊಣಗುತ್ತೇನೆ ಕೂಡ. ನನ್ನ ಜಗಳವಿರುವುದು ಹಾಡುಗಳನ್ನು ಜೋಡಿಸಿದ ಕ್ರಮದೊಂದಿಗೆ, ಅಥವಾ ಕ್ರಮವೇ ಇಲ್ಲದಿರುವುದರೊಂದಿಗೆ.

ಮೊದಲ ಡಿಸ್ಕ್ ತೆರೆದುಕೊಳ್ಳುವುದು 1993ರ 'ಕೀಪ್ ಯಾ ಹೆಡ್ ಅಪ್' ಹಾಡಿನಿಂದ. ಎರಡನೆಯ ಹಾಡಿಗೇ ನಾವು 1996ಕ್ಕೆ ಹಾರುತ್ತೇವೆ, ಮೂರನೆಯದಕ್ಕೆ 1995ಕ್ಕೆ ಮರಳುತ್ತೇವೆ, ಐದನೆಯ 'ಹೇಲ್ ಮೇರಿ' ಬರುವ ಹೊತ್ತಿಗೆ ಮನುಷ್ಯ ತೀರಿಕೊಂಡಿದ್ದಾನೆ, ಏಕೆಂದರೆ ಆ ಹಾಡಿರುವ ಆಲ್ಬಮ್ ಹೊರಬಂದದ್ದೇ ಅವನ ಸಾವಿನ ನಂತರ. ಆರನೆಯ ಹಾಡಿಗೆ ಅವನು ಮತ್ತೆ ಎದ್ದು ಬಂದು 'ಮಿ ಅಗೇನ್ಸ್ಟ್ ದ ವರ್ಲ್ಡ್' ಎನ್ನುತ್ತಾನೆ. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣಪತಿ ಸಂಗೀತ ಕಚೇರಿಯಲ್ಲಿ ಯಾರಾದರೂ ಮಂಗಳ ಹಾಡಿ ಮುಗಿಸಿದ ಮೇಲೆ ಆರಂಭಕ್ಕೆ ಹಾಡುವ ವರ್ಣ ಎತ್ತಿಕೊಂಡರೆ ಮುಂದಿನ ಸಾಲಿನ ಹಿರಿಯರು ಏನೆನ್ನುತ್ತಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಗಾಯಕರಿಗೂ ಕಾಲಕ್ರಮ ಅಷ್ಟು ಮುಖ್ಯವಾಗಲಿಕ್ಕಿಲ್ಲ. ಇವನಿಗೆ ಮುಖ್ಯ. ಮೊದಲ ಆಲ್ಬಮ್ 1991ರ ನವೆಂಬರ್‌ನಲ್ಲಿ ಬಂತು, ಐದು ವರ್ಷ ತುಂಬುವ ಮೊದಲೇ ಬದುಕು ಮುಗಿಯಿತು. ಆ ಅಲ್ಪ ಅವಧಿಯ ನಡುವೆ ಜೈಲು ಬಂತು. 'ಮಿ ಅಗೇನ್ಸ್ಟ್ ದ ವರ್ಲ್ಡ್' ಆಲ್ಬಮ್ 1995ರಲ್ಲಿ ಬಿಡುಗಡೆಯಾದಾಗ ಅವನು ಒಳಗಿದ್ದ, ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಹೊರಬಂದು ಡೆತ್ ರೋ ಸೇರಿದ. ಆ ಬಾಗಿಲಿನ ಈಚೆಗಿನ ದನಿಯೂ ಆಚೆಗಿನ ದನಿಯೂ ಬೇರೆ ಬೇರೆ. ಸಾಲಾಗಿ ಕೇಳಿದವರಿಗೆ ಒಬ್ಬ ಹುಡುಗ ಹೇಗೆ ಬಿಗಿಯುತ್ತ, ಕೆರಳುತ್ತ, ಎಲ್ಲರನ್ನೂ ಶಂಕಿಸುತ್ತ ಹೋದನೆಂಬುದು ಕಿವಿಗೆ ತಿಳಿಯುತ್ತದೆ. ಕಲಸಿಟ್ಟದ್ದನ್ನು ಕೇಳಿದವರಿಗೆ ಒಬ್ಬ ಚಂಚಲಚಿತ್ತನಷ್ಟೇ ಸಿಗುತ್ತಾನೆ.

ಎರಡನೆಯ ಡಿಸ್ಕ್ ಇನ್ನೂ ಅನ್ಯಾಯದ್ದು. 'ಬ್ರೆಂಡಾಸ್ ಗಾಟ್ ಎ ಬೇಬಿ' ಹನ್ನೆರಡು ವರ್ಷದ ಬಾಲಕಿಯೊಬ್ಬಳು ತಾಯಿಯಾಗುವ ಕಥೆ, ಪತ್ರಿಕೆಯಲ್ಲಿ ಓದಿದ ನಿಜ ಘಟನೆಯೊಂದರಿಂದ ಅವನು ಕಟ್ಟಿದ್ದು. ಅದರ ನಂತರ ಒಂದೇ ಒಂದು ಹಾಡು ಕಳೆಯುತ್ತಲೇ ಹೆಣ್ಣುಗಳ ಸಹವಾಸವನ್ನು ಕೊಚ್ಚಿಕೊಳ್ಳುವ 'ಐ ಗೆಟ್ ಅರೌಂಡ್' ಶುರುವಾಗುತ್ತದೆ. ತಾಯಿಯ ಮಾದಕ ವ್ಯಸನವನ್ನೂ ಮುಚ್ಚಿಡದೆ ಅವಳಿಗೆ ಕೈಮುಗಿಯುವ 'ಡಿಯರ್ ಮಾಮಾ' ಹಾಡನ್ನು ಎಲ್ಲಿಟ್ಟಿದ್ದಾರೆ ನೋಡಿ. ಅದರ ಹಿಂದೆ 'ಟಾಸ್ ಇಟ್ ಅಪ್' ಎಂಬ ಶೃಂಗಾರ, ಮುಂದೆ 'ಆಲ್ ಅಬೌಟ್ ಯು' ಎಂಬ ಹೆಣ್ಣುಗಳ ಹೀಯಾಳಿಕೆ! ಅಮ್ಮ ಹೋದ ಮೇಲೆ ಆ ಹಾಡನ್ನು ನಾನು ಬಹಳ ಕಾಲ ಕೇಳಲಾರದೆ ಬಿಟ್ಟಿದ್ದೆ, ಈಗಲೂ ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಬೇಡವೆನಿಸುತ್ತದೆ. ಕಂಪನಿಯವರು ಒಂದು ಉಸಿರಿನಷ್ಟು ಬಿಡುವನ್ನೂ ಕೊಡುವುದಿಲ್ಲ.

ಅವನ ಬಾಳೇ ಹೀಗೆ ವಿರೋಧಾಭಾಸಗಳ ಕಂತೆಯಾಗಿತ್ತು, ಆದ್ದರಿಂದ ಈ ಕಲಸುಮೇಲೋಗರವೇ ಅವನ ನಿಜವಾದ ಚಿತ್ರವೆಂದು ವಾದಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ವಿರೋಧಾಭಾಸಕ್ಕೂ ಒಂದು ಇತಿಹಾಸವಿರುತ್ತದೆ, ಅದನ್ನು ಅಳಿಸಿದರೆ ಉಳಿಯುವುದು ಗದ್ದಲ ಮಾತ್ರ. ಸತ್ತ ಗೆಳೆಯರನ್ನು ನೆನೆಯುವ 'ಲೈಫ್ ಗೋಸ್ ಆನ್' ಮುಗಿದ ಕೂಡಲೇ ಎದುರಾಳಿ ರ‍್ಯಾಪರ್ ಬಿಗ್ಗಿಯನ್ನು ಬಾಯಿಗೆ ಬಂದಂತೆ ಬೈಯುವ 'ಹಿಟ್ ಎಮ್ ಅಪ್' ಇಟ್ಟು ಮೊದಲ ಡಿಸ್ಕ್ ಮುಗಿಸಿದವರ ಮನಸ್ಸಿನಲ್ಲಿ ಇಂತಹ ತತ್ತ್ವಜಿಜ್ಞಾಸೆ ಇತ್ತೆಂದು ನಂಬುವಷ್ಟು ಉದಾರತೆ ನನ್ನಲ್ಲಿಲ್ಲ.

ನ್ಯಾಯವಾಗಿ ಒಂದನ್ನು ಒಪ್ಪಬೇಕು. 'ಕ್ಯಾಲಿಫೋರ್ನಿಯಾ ಲವ್' ಹಾಡಿನ ಮೂಲ ರೂಪ ಅವನ 1996ರ ಆಲ್ಬಮ್ 'ಆಲ್ ಐಸ್ ಆನ್ ಮಿ'ಯಲ್ಲಿ ಇರಲಿಲ್ಲ, ಅಲ್ಲಿದ್ದದ್ದು ರೀಮಿಕ್ಸ್. ಮೂಲವನ್ನು ಇಲ್ಲಿ ಸೇರಿಸಿದ್ದು ಉಪಕಾರವೇ ಸರಿ.

ಆ ಉಪಕಾರದ ಬೆನ್ನಿಗೇ, ಅದುವರೆಗೆ ಹೊರಬಂದೇ ಇರದಿದ್ದ ನಾಲ್ಕು ಹಾಡುಗಳನ್ನು 'ಹಿಟ್'ಗಳ ನಡುವೆ ನುಸುಳಿಸಿದ್ದಾರೆ. ಯಾರೂ ಕೇಳಿರದ ಹಾಡು ಹಿಟ್ ಆದದ್ದು ಯಾವಾಗ ಸ್ವಾಮಿ? ಅವುಗಳಲ್ಲೊಂದು 'ಚೇಂಜಸ್'. ಬ್ರೂಸ್ ಹಾರ್ನ್ಸ್‌ಬಿಯ 1986ರ ಪಿಯಾನೊ ಎಳೆಯ ಮೇಲೆ ಪೊಲೀಸರು, ಬಡತನ, ಕಪ್ಪು ಅಧ್ಯಕ್ಷನಿಗೆ ಇನ್ನೂ ಸಿದ್ಧವಿರದ ದೇಶ, ಎಲ್ಲವನ್ನೂ ಹಾಡುವ ಅದ್ಭುತ ಹಾಡು ಅದು. ಸಾವಿನ ನಂತರ ಬಂದದ್ದರಿಂದ ಬಹಳ ಮಂದಿ, ನನ್ನ ಅಣ್ಣನ ಮಗನೂ ಸೇರಿ, ಅದನ್ನೇ ಅವನ ಕೊನೆಯ ಮಾತೆಂದು ನಂಬಿದ್ದಾರೆ. ಅವನು ಅದನ್ನು ಧ್ವನಿಮುದ್ರಿಸಿದ್ದು 1992ರಲ್ಲಿ, ಜೈಲಿಗೂ ಡೆತ್ ರೋಗೂ ಮೊದಲು. ಆರಂಭದ ಮಾತನ್ನು ಅಂತ್ಯದ ಮಾತಾಗಿಸಿ ಮಾರಿದ್ದಾರೆ. 2011ರಲ್ಲಿ ಸಂಕಲನಕ್ಕೆ ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳಿಗೆ ಕೊಡುವ ಡೈಮಂಡ್ ಮಾನ್ಯತೆಯೂ ಬಂತು, ಎರಡು ಡಿಸ್ಕ್‌ನ ಒಂದೊಂದು ಪ್ರತಿಯನ್ನೂ ಎರಡೆಂದು ಎಣಿಸುವ ಲೆಕ್ಕದಲ್ಲಿ. ಎಣಿಸುವಾಗ ಇದ್ದ ಶಿಸ್ತು ಜೋಡಿಸುವಾಗಲೂ ಇದ್ದಿದ್ದರೆ ಸಾಕಿತ್ತು.

ಇದೇ 25 ಹಾಡುಗಳನ್ನು ವರ್ಷದ ಸಾಲಿನಲ್ಲಿ, 'ಚೇಂಜಸ್' ಅನ್ನು 1992ರ ಜಾಗದಲ್ಲಿಟ್ಟು, ರಾತ್ರಿಯೇ ಪ್ಲೇಲಿಸ್ಟ್ ಮಾಡಿದ್ದೇನೆ. ಬೇಕೆಂದವರು ಕಮೆಂಟ್‌ನಲ್ಲಿ ತಿಳಿಸಿದರೆ ಕಳುಹಿಸುತ್ತೇನೆ. ಶಫಲ್ ಒತ್ತುವ ಅಭ್ಯಾಸವಿರುವವರು ದಯವಿಟ್ಟು ಕೇಳಬೇಡಿ.