ಬೊಜ್ಜಿನ ಲೆಕ್ಕವನ್ನೆಲ್ಲ ತಾಯಿಯ ಖಾತೆಗೆ ಬರೆಯುವ ಮುನ್ನ

ನಾನು ಮೈಸೂರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳ ಎತ್ತರ, ತೂಕ ಬರೆದಿಡುವ ರಿಜಿಸ್ಟರ್ ನನ್ನ ಬಳಿಯೇ ಇರುತ್ತದೆ. ಪೋಷಕರ ಸಭೆಯಲ್ಲಿ ಅದನ್ನು ತೆರೆದು, ಈ ಮಗುವಿನ ತೂಕ ಜಾಸ್ತಿಯಾಗಿದೆ ಎಂದ ಕೂಡಲೇ ಅಪ್ಪ ಅಮ್ಮನ ಕಡೆ ತಿರುಗಿ ನೋಡುತ್ತಾನೆ. ಜೊತೆಗೆ ಅಜ್ಜಿ ಬಂದಿದ್ದರೆ ತೀರ್ಪು ಇನ್ನೂ ಬೇಗ ಬರುತ್ತದೆ: "ಕೇಳಿದ್ದೆಲ್ಲ ಕೊಡಿಸುತ್ತಾಳೆ ಮೇಷ್ಟ್ರೇ, ನಮ್ಮ ಮಾತು ಎಲ್ಲಿ ಕೇಳುತ್ತಾಳೆ?" ಮಗು ಎರಡು ವರ್ಷದ್ದಿದ್ದಾಗ ಗುಂಡುಗುಂಡಾಗಿದ್ದಾನೆ, ದೃಷ್ಟಿಯಾದೀತು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದವರೂ ಈ ಅಜ್ಜಿಯೇ. ಆಗ ಮುದ್ದಾಗಿದ್ದ ಮೈ ಹತ್ತು ವರ್ಷಕ್ಕೆ ಸೊಸೆಯ ತಪ್ಪಾಗುತ್ತದೆ.

ನನಗೆ ಈ ಪಂಚಾಯಿತಿ ಸಾಕಾಗಿದೆ. ಮಕ್ಕಳ ಬೊಜ್ಜಿಗೆ ಹೊಣೆ ಯಾರು ಎಂದು ಕೇಳಿದರೆ, ಯಾರ ಕೈಯಲ್ಲಿ ಹೆಚ್ಚು ಅಧಿಕಾರವಿದೆಯೋ ಅವರನ್ನು ಮೊದಲು ನಿಲ್ಲಿಸಿ ಕೇಳಬೇಕು. ನಾವು ಮಾಡುತ್ತಿರುವುದು ತಿರುಗುಮುರುಗು.

ಹುಟ್ಟಿನಿಂದಲೇ ಶುರುಮಾಡೋಣ. ನಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಹಳಬರ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತ ಬಂದ ಅಧ್ಯಯನವೊಂದು ನಡೆದಿದೆ. ಲೋಕದ ವೈದ್ಯರೆಲ್ಲ ಉಲ್ಲೇಖಿಸುವ ಅಧ್ಯಯನ ಅದು. ಮೈಸೂರಿನವರಿಗೇ ಹೆಚ್ಚು ಗೊತ್ತಿಲ್ಲ. ಆ ತಾಯಂದಿರಲ್ಲಿ ಶೇ 6ರಷ್ಟು ಮಂದಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಅವರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೆಲ್ಲ ಉಳಿದ ಮಕ್ಕಳಿಗಿಂತ ಕೊಬ್ಬಿನಂಶವೂ ಹೆಚ್ಚು, ಇನ್ಸುಲಿನ್‌ಗೆ ದೇಹ ಸ್ಪಂದಿಸದ ಲಕ್ಷಣವೂ ಹೆಚ್ಚು. ಇನ್ನು ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ತೋರಿಸಿದ್ದು ಮತ್ತೊಂದು ವಿಚಿತ್ರ: ನಮ್ಮ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಿಮೆ, ಸೊರಗಿರುವುದು ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ತಕ್ಕಡಿಯಲ್ಲಿ ಸಣಕಲು, ಒಳಗೆ ಕೊಬ್ಬು. ಅಂಥ ಮೈಗೆ ಮುಂದೆ ಸಕ್ಕರೆ, ಎಣ್ಣೆ, ಕೂತಲ್ಲೇ ಕೂರುವ ಬದುಕು ಸಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದನ್ನೂ ತಾಯಿಯ ತಲೆಗೇ ಕಟ್ಟಲು ಹೊರಡಬೇಡಿ. ಬಸುರಿಯಾಗಿದ್ದಾಗ ಅವಳಿಗೆ ಸರಿಯಾದ ಊಟ ಸಿಕ್ಕಿತೇ, ಸಕ್ಕರೆ ಪರೀಕ್ಷೆ ಸಕಾಲಕ್ಕೆ ಆಯಿತೇ ಎಂಬುದು ಗಂಡನ ಮನೆಯನ್ನೂ ಸರ್ಕಾರಿ ಆಸ್ಪತ್ರೆಯನ್ನೂ ಕೇಳಬೇಕಾದ ಪ್ರಶ್ನೆ.

ಈಗ ಶಾಲೆಯ ಗೇಟಿಗೆ ಬನ್ನಿ. ಎದುರಿಗೇ ಒಂದು ಪೆಟ್ಟಿಗೆ ಅಂಗಡಿ. ತೋರಣ ಕಟ್ಟಿದ ಹಾಗೆ ಐದು ರೂಪಾಯಿಯ ಪೊಟ್ಟಣಗಳು ಉದ್ದಕ್ಕೆ ಇಳಿಬಿದ್ದಿವೆ. ಕೆಳಗಿನ ಸಾಲು ಒಂದನೇ ತರಗತಿಯ ಮಗುವಿನ ಕೈಗೆ ಎಟಕುವ ಎತ್ತರದಲ್ಲಿದೆ. ಕಂಪನಿಯವರು ಕೊಟ್ಟ ಫ್ರಿಜ್‌ನಲ್ಲಿ ಹತ್ತು ರೂಪಾಯಿಯ ಪುಟ್ಟ ಬಾಟಲಿಗಳು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಉದ್ದ ಜಿಗಿತಕ್ಕೆ ಬಳಸುವ ಟೇಪು ನನ್ನ ಬಳಿಯೇ ಇದೆಯಲ್ಲ, ಅಳೆದೆ. ಹದಿನಾಲ್ಕು ಮೀಟರ್.

ಅಂಗಡಿಯಾಕೆಯನ್ನು ಗದರಿಸುವುದು ಸುಲಭ. ಗಂಡ ತೀರಿಕೊಂಡ ಮೇಲೆ ಆ ಪೆಟ್ಟಿಗೆ ಅಂಗಡಿಯಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಾಳೆ. ಕಡಲೆ ಮಿಠಾಯಿ, ಬಾಳೆಹಣ್ಣು ಇಡಬಾರದೇನಮ್ಮ ಎಂದರೆ, "ಇಟ್ಟಿದ್ದೆ ಮೇಷ್ಟ್ರೇ, ಹಣ್ಣು ಸಂಜೆಗೆ ಕಪ್ಪಾಯಿತು. ಪೊಟ್ಟಣ ಆರು ತಿಂಗಳು ಹಾಳಾಗುವುದಿಲ್ಲ, ಉಳಿದರೆ ಏಜೆಂಟೇ ಬದಲಾಯಿಸಿ ಕೊಡುತ್ತಾನೆ. ಬಾಳೆಹಣ್ಣಿಗೆ ಯಾವ ಏಜೆಂಟ್ ಬರುತ್ತಾನೆ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಮಗುವಿನ ಲೆಕ್ಕವೂ ಅಷ್ಟೇ ನೇರ. ಐದು ರೂಪಾಯಿಗೆ ಇವತ್ತು ಒಂದು ಮೊಟ್ಟೆ ಬರುವುದಿಲ್ಲ, ಒಳ್ಳೆಯ ಬಾಳೆಹಣ್ಣೂ ಕಷ್ಟ. ಖಾರದ ಪುಡಿ ಮೆತ್ತಿದ ಪೊಟ್ಟಣ ಮಾತ್ರ ಬರುತ್ತದೆ, ಒಳಗೆ ಸ್ಟಿಕ್ಕರ್ ಬೇರೆ.

ಈ ಬೆಲೆ ಆಕಾಶದಿಂದ ಇಳಿದದ್ದಲ್ಲ. ಅತಿಯಾಗಿ ಸಂಸ್ಕರಿಸಿದ ತಿನಿಸುಗಳ ಮೇಲೆ ಹೆಚ್ಚಿನ ತೆರಿಗೆ ಹಾಕುವುದನ್ನು ಯೋಚಿಸಬಹುದು ಎಂದು 2025ರ ಜನವರಿಯಲ್ಲಿ ಕೇಂದ್ರದ ಆರ್ಥಿಕ ಸಮೀಕ್ಷೆ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಪೊಟ್ಟಣದ ಖಾರದ ತಿಂಡಿಗಳದ್ದು ಶೇ 12ರಿಂದ 5ಕ್ಕೆ. ತಂಪು ಪಾನೀಯಕ್ಕೆ ಶೇ 40 ಉಳಿಸಿಕೊಂಡರು, ಅದಕ್ಕೆ ನಮಸ್ಕಾರ. ಚಿಲಿ ದೇಶದಲ್ಲಿ 2016ರಿಂದಲೇ ಇಂಥ ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ ಹೆಚ್ಚು, ಉಪ್ಪು ಹೆಚ್ಚು ಎಂಬ ಕಪ್ಪು ಅಷ್ಟಕೋನ ಕಡ್ಡಾಯ. ನಮ್ಮಲ್ಲಿ ಪೊಟ್ಟಣದ ಲೇಬಲ್ ನಿಯಮದ 2022ರ ಕರಡಿನಲ್ಲಿ ಎಚ್ಚರಿಕೆಯ ಬದಲು ನಕ್ಷತ್ರ ಕೊಡುವ ಯೋಚನೆ ಬಂತು, ಚಿಪ್ಸಿಗೂ ಒಂದೆರಡು ನಕ್ಷತ್ರ! ಈ ಲೇಬಲ್ ವಿಚಾರ ಇತ್ಯರ್ಥಪಡಿಸಿ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮೂರು ತಿಂಗಳ ಗಡುವೂ ದಾಟಿಹೋಯಿತು. ಹಾಲಿಗೆ ಬೆರೆಸುವ ಸಕ್ಕರೆ ಪುಡಿಗಳನ್ನು "ಆರೋಗ್ಯ ಪೇಯ" ಎಂಬ ಹೆಸರಿನಡಿ ಮಾರಬೇಡಿ ಎಂದು ಆನ್‌ಲೈನ್ ಅಂಗಡಿಗಳಿಗೆ ಸರ್ಕಾರ ಹೇಳಿದ್ದು 2024ರಲ್ಲಿ. ಅಲ್ಲಿಯವರೆಗೆ ಮಗ ಎತ್ತರ ಬೆಳೆಯಲಿ ಎಂದು ಎರಡು ಚಮಚ ಹೆಚ್ಚು ಹಾಕಿದ ತಾಯಿಯನ್ನು ಯಾವ ಬಾಯಲ್ಲಿ ಬೈಯುತ್ತೀರಿ?

ಇದು ಬೆಂಗಳೂರಿನ ಫ್ಲ್ಯಾಟುಗಳ ಸಮಸ್ಯೆ, ಹಣವಂತರ ಕಾಯಿಲೆ ಎನ್ನುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ಶೇ 2.1 ಇದ್ದರು, 2019-21ರಲ್ಲಿ ಶೇ 3.4. ಸಣ್ಣ ಅಂಕಿಯೇ, ಆದರೆ ಏರುತ್ತಿದೆ. ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಶೇ 35.5. ಇವೆರಡೂ ಬೇರೆ ಬೇರೆ ಊರಿನ ಕಥೆಗಳಲ್ಲ. ಆಟೋ ಓಡಿಸುವವರ ಮಗನ ಡಬ್ಬಿಯಲ್ಲಿ ನಾನು ನೋಡುವುದು ಬಿಳಿ ಅನ್ನದ ಚಿತ್ರಾನ್ನ ಮತ್ತು ಒಂದು ಪೊಟ್ಟಣ, ಕಾಳಿಲ್ಲ, ಸೊಪ್ಪಿಲ್ಲ. ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ, ಸೊಂಟ ಬೆಳೆಯುತ್ತದೆ.

ಇನ್ನು ನನ್ನ ಕಸುಬಿನ ಮಾತು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಿ.ಟಿ. ಪೀರಿಯಡ್ ವಾರಕ್ಕೆ ಎರಡು. ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯದನ್ನು ಗಣಿತದವರು ಎರವಲು ಪಡೆಯುತ್ತಾರೆ. ಆ ಎರವಲು ಎಂದೂ ಹಿಂದಿರುಗುವುದಿಲ್ಲ. ಸಂಜೆ ಟ್ಯೂಷನ್. ಬಡಾವಣೆಯ ಉದ್ಯಾನದ ಗೇಟಿನಲ್ಲಿ "ಚೆಂಡಾಟ ನಿಷೇಧಿಸಲಾಗಿದೆ" ಎಂಬ ಫಲಕ. ಒಳಗೆ ಹಿರಿಯರು ಎಂಟು ಸುತ್ತು ಹಾಕುತ್ತ ಈಗಿನ ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂದು ಮರುಗುತ್ತಿರುತ್ತಾರೆ. ಆಡಲು ಜಾಗವನ್ನೇ ಕೊಡದೆ ಮೊಬೈಲನ್ನು ಬೈದರೆ ಬಂದ ಭಾಗ್ಯವೇನು?

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ದಪ್ಪಗಿರುವ ಹುಡುಗನನ್ನು ಎಲ್ಲರೆದುರು "ಏಯ್ ಆನೆಮರಿ, ಎರಡು ಸುತ್ತು ಹೆಚ್ಚು ಓಡು" ಎನ್ನುವುದನ್ನು ನಿಲ್ಲಿಸಿ. ಓಟವನ್ನು ಶಿಕ್ಷೆ ಮಾಡಿದರೆ ಅವನು ಮರುದಿನದಿಂದ ಹೊಟ್ಟೆನೋವೆಂದು ತರಗತಿಯಲ್ಲೇ ಕೂರುತ್ತಾನೆ.

ಹಾಗಾದರೆ ಅಪ್ಪ ಅಮ್ಮನಿಗೆ ಹೊಣೆಯೇ ಇಲ್ಲವೇ ಎಂದು ಕೆಳಗೆ ಯಾರಾದರೂ ಬರೆದೇ ಬರೆಯುತ್ತಾರೆ. ಇದೆ. ಟಿ.ವಿ. ಮುಂದೆ ತುತ್ತು ಕೊಡದಿರುವುದು, ಸಾಕು ಎಂದ ಮಗುವಿಗೆ ಇನ್ನೊಂದು ದೋಸೆ ಹಾಕದಿರುವುದು, ಬಾಯಾರಿದರೆ ನೀರು ಕೊಡುವುದು ಮನೆಯವರ ಕೈಯಲ್ಲೇ ಇದೆ. ಮನೆಯವರು ಎಂದರೆ ಅಪ್ಪನೂ ಸೇರಿ. ರಾತ್ರಿ ಎಂಟಕ್ಕೆ ಕಚೇರಿಯಿಂದ ಬರುತ್ತ ಪ್ರೀತಿಯ ಗುರುತಾಗಿ ಬೇಕರಿಯ ಪೊಟ್ಟಣ ತರುವವನು ಅವನೇ ತಾನೇ?

ನಮ್ಮ ಶಾಲೆಯ ಮೈದಾನಕ್ಕೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಆರೂವರೆಯವರೆಗೆ ಬಡಾವಣೆಯ ಮಕ್ಕಳಿಗೆ ತೆರೆದಿಡಿ, ಕೀಲಿ ನನ್ನ ಬಳಿಯೇ ಇರಲಿ ಎಂದು ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ. ಯಾರಾದರೂ ಬಿದ್ದು ಕೈ ಮುರಿದುಕೊಂಡರೆ ಜವಾಬ್ದಾರಿ ಯಾರದು ಎಂಬುದು ಅವರ ಪ್ರಶ್ನೆ. ಪೋಷಕರ ಸಹಿಯೂ ಇದ್ದರೆ ಪತ್ರಕ್ಕೆ ತೂಕ ಬರುತ್ತದೆ. ಶನಿವಾರ ಹನ್ನೆರಡರವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ, ಬಂದು ಸಹಿ ಹಾಕಿ.